ಒಂದೇ ಲೇಔಟ್, ಎರಡು ಕಮಾಂಡ್ ಸ್ಟೇಷನ್: ರ‍್ಯಾಂಪ್ ದಾಟ್ತಿದ್ದಂಗೆ ಎಲ್ಲಾ ಟ್ರಿಪ್ ಆಗ್ತಿದೆ, ಯಾರಾದ್ರೂ ನೋಡಿ ಹೇಳಿ

ಹಳಿತಪ್ಪಿದ_ಹುಡುಗ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ ಬೈಕೋಬೇಡಿ. ನಂದು ಎಚ್‌ಒ (1:87 ಅಳತೆ), ಎರಡು ಹಳಿ, ಎರಡು ಅಂತಸ್ತಿನ ಮಾಡೆಲ್ ರೈಲು ಲೇಔಟ್. ಹಳಿಗೆ ಪವರ್ರೂ ಇಂಜಿನ್‌ಗೆ ಆಜ್ಞೆನೂ ಕಳಿಸೋ ಬಾಕ್ಸೇ ಕಮಾಂಡ್ ಸ್ಟೇಷನ್, ನನ್ನ ಹತ್ರ ಅದು ಎರಡಿದೆ. ಮೇಲಿನ ಅಂತಸ್ತು ಒಂದು ಹಳೇ ಮಲ್ಟಿ ಪ್ರೋಟೋಕಾಲ್ ಬಾಕ್ಸಿಂದ ಓಡುತ್ತೆ, ಅದು ಡಿಸಿಸಿನೂ ಮೊಟೊರೋಲಾನೂ (ಎರಡೂ ಇಂಜಿನ್‌ಗೆ ಆಜ್ಞೆ ಕಳಿಸೋ ಡಿಜಿಟಲ್ ಭಾಷೆಗಳು) ಒಟ್ಟಿಗೆ ಕಳಿಸುತ್ತೆ. ಕೆಳಗಡೆ ಹೊಸದಾಗಿ ಹಾಕಿರೋ ಡಿಸಿಸಿ ಸ್ಟೇಷನ್, ವೈಫೈ ಹ್ಯಾಂಡ್‌ಸೆಟ್ಟು, ರೈಲ್‌ಕಾಮ್ (ಇಂಜಿನ್ನು ಬಾಕ್ಸಿಗೆ ಉತ್ತರ ಕಳಿಸೋ ವ್ಯವಸ್ಥೆ) ಎಲ್ಲಾ ಇದೆ. ಇನ್ಮುಂದೆ 'ಹಳೇದು' 'ಹೊಸದು' ಅಂತಲೇ ಬರೀತೀನಿ. ಎರಡು ಅಂತಸ್ತಿಗೂ ಮಧ್ಯ ಒಂದು ರ‍್ಯಾಂಪ್ ಇದೆ, ಅದರ ತುದೀಲಿ ಎರಡೂ ಹಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಿ ಗ್ಯಾಪ್ ಮಾಡಿದೀನಿ.

ತೊಂದರೆ ಒಂದಲ್ಲ ನಾಲ್ಕು. ರೈಲು ಗ್ಯಾಪ್ ದಾಟುವಾಗ ಒಂದ್ಸಲ ಹೊಸದು ಟ್ರಿಪ್ ಆಗುತ್ತೆ, ಒಂದ್ಸಲ ಎರಡೂ ಆಗುತ್ತೆ, ಒಂದೊಂದ್ಸಲ ಏನೂ ಆಗಲ್ಲ, ಆರಾಮಾಗಿ ದಾಟ್ಕೊಂಡು ಹೋಗುತ್ತೆ, ಅದೇ ನನಗೆ ಹುಚ್ಚು ಹಿಡಿಸ್ತಿರೋದು. ಅಡ್ರೆಸ್ (ಕರೆಯೋ ನಂಬರ್) 12ರ ಡೀಸೆಲ್ ಇಂಜಿನ್ ಮೇಲೆ ಹೋದ ತಕ್ಷಣ ತಾನಾಗೇ ಸ್ಪೀಡ್ ತಗೊಂಡು ಓಡಿಹೋಗುತ್ತೆ, ನಿನ್ನೆ ಅಂಚಿನವರೆಗೂ ಹೋಗಿತ್ತು, ಕೈ ಅಡ್ಡ ಇಟ್ಟು ಹಿಡಿದೆ. ಇನ್ನೊಂದು ಹಳೇ ಸ್ಟೀಮ್ ಇಂಜಿನ್ನು, ಮೇಲೆ ಸರಿಯಾಗಿದೆ, ಕೆಳಗೆ ಬಂದ್ರೆ ಸ್ಪೀಡ್ ಏರಿಸ್ತಾ ಹೋದಂಗೆ ಹೆಡ್‌ಲೈಟ್ ಹತ್ತಿ ಆರಿ ಹತ್ತಿ ಆರಿ ಮಾಡುತ್ತೆ. ಕೊನೇದು ಪಾಯಿಂಟ್‌ಗಳು (ರೈಲನ್ನ ಬೇರೆ ಹಳಿಗೆ ತಿರುಗಿಸೋ ಕವಲು), ಹೊಸದ್ರಲ್ಲಿ 1 ಒತ್ತಿದ್ರೆ ಏನೂ ಆಗಲ್ಲ, 5 ಒತ್ತಿದ್ರೆ 1ನೇ ಪಾಯಿಂಟ್ ತಿರುಗುತ್ತೆ.

ಬಫರ್‌ಸ್ಟಾಪ್
ಮೊದಲು ಒಂದು ಮಾತು, ನಾಲ್ಕಕ್ಕೂ ಒಂದೇ ಕಾರಣ ಹುಡುಕೋಕೆ ಹೋಗ್ಬೇಡ ತಮ್ಮಾ, ನಾಲ್ಕೂ ಬೇರೆ ಬೇರೆ ಕಾಯಿಲೆ. ಸುಲಭದ್ದು ಮೊದಲು ಮುಗಿಸೋಣ.

ಹೆಡ್‌ಲೈಟ್ ಮಿಣುಕೋದು ಅಂದ್ರೆ ಸ್ಪೀಡ್ ಸ್ಟೆಪ್ ಜಗಳ, ಸ್ಪೀಡನ್ನ ಎಷ್ಟು ಮೆಟ್ಟಿಲಾಗಿ ಹಂಚೋದು ಅನ್ನೋದ್ರ ಮೇಲೆ. ಆ ಇಂಜಿನ್ ಒಳಗಿನ ಡಿಕೋಡರ್ (ಆಜ್ಞೆ ಓದೋ ಚಿಪ್) 14 ಸ್ಟೆಪ್‌ಗೆ ಸೆಟ್ ಆಗಿದೆ, ಹೊಸದು 28 ಕಳಿಸ್ತಿದೆ. 14ರಲ್ಲಿ ಲೈಟ್ ಹತ್ತಿಸೋಕೆ ಇರೋ ಬಿಟ್, 28ರಲ್ಲಿ ಸ್ಪೀಡ್‌ನ ಅರ್ಧ ಮೆಟ್ಟಿಲಿಗೆ ಬಳಕೆ ಆಗುತ್ತೆ, ಹಂಗಾಗಿ ನೀನು ಒಂದೊಂದು ಮೆಟ್ಟಿಲು ಏರಿಸಿದಾಗಲೂ ಡಿಕೋಡರ್ 'ಓಹೋ ಲೈಟ್ ಹಾಕು ಅಂತಿದಾನೆ, ಈಗ ತೆಗಿ ಅಂತಿದಾನೆ' ಅಂದ್ಕೊಳ್ಳುತ್ತೆ. ಸಿವಿ 29 (ಡಿಕೋಡರ್ ಒಳಗೆ ಬರೆದಿಟ್ಟಿರೋ 29ನೇ ಸೆಟ್ಟಿಂಗ್) ಓದು, ಅದಕ್ಕೆ 2 ಕೂಡಿಸಿ ಬರಿ. ಡಿಕೋಡರ್ ತೀರಾ ಹಳೇದಾಗಿ 28 ಬರೋದೇ ಇಲ್ಲ ಅಂದ್ರೆ ಹೊಸದ್ರಲ್ಲಿ ಆ ಒಂದು ಇಂಜಿನ್‌ಗೆ ಮಾತ್ರ 14 ಅಂತ ಸೆಟ್ ಮಾಡು. ಆಮೇಲೆ ಹಳೇದ್ರಲ್ಲೂ ಅದೇ ಸ್ಟೆಪ್ ಇರ್ಬೇಕು, ಮರೀಬೇಡ.

ಎನ್_ಗೇಜ್_ಅಕ್ಕ
ಪಾಯಿಂಟ್ ವಿಷಯ ನಾನು ಹೇಳ್ತೀನಿ, ಇದ್ರಲ್ಲಿ ಒಂದು ವಾರ ಕಳೆದವಳು ನಾನು. ಡಿಸಿಸಿಯಲ್ಲಿ ಪಾಯಿಂಟ್‌ಗಳು ನಾಲ್ಕು ನಾಲ್ಕರ ಗುಂಪಲ್ಲಿ ಹೋಗ್ತವೆ, ಒಂದು ಆ್ಯಕ್ಸೆಸರಿ ಡಿಕೋಡರ್‌ಗೆ ನಾಲ್ಕು ಔಟ್‌ಪುಟ್. ಮೊದಲ ಡಿಕೋಡರನ್ನ ಕೆಲವರು 0 ಅಂತ ಎಣಿಸ್ತಾರೆ, ಕೆಲವರು 1 ಅಂತ. ಅಷ್ಟೇ ವ್ಯತ್ಯಾಸ, ಆದ್ರೆ ನಿಮ್ಮ ಕೈಗೆ ಬರುವಾಗ ಸರಿಯಾಗಿ ನಾಲ್ಕು ನಂಬರ್ ಆಚೀಚೆ ಆಗಿರುತ್ತೆ. 1 ಒತ್ತಿ 5 ತಿರುಗೋದು ಅಥವಾ 5 ಒತ್ತಿ 1 ತಿರುಗೋದು ಕಂಡ್ರೆ ವೈರಿಂಗ್ ಮುಟ್ಟಲೇಬೇಡಿ. ಹೊಸದರ ಸೆಟ್ಟಿಂಗ್‌ನಲ್ಲಿ ಆರ್‌ಸಿಎನ್ 213 (ಪಾಯಿಂಟ್ ಎಣಿಸೋ ಸ್ಟ್ಯಾಂಡರ್ಡ್) ಪ್ರಕಾರ ಎಣಿಸು ಅಂತ ಒಂದು ಆಯ್ಕೆ ಇದ್ಯಾ ನೋಡಿ, ಇದ್ರೆ ಅದನ್ನ ಟಿಕ್ ಮಾಡಿ. ಎಡ ಬಲನೂ ಉಲ್ಟಾ ಆಗಿದ್ರೆ ಅದು ಬೇರೆ ಸೆಟ್ಟಿಂಗ್, ಎರಡನ್ನೂ ಒಂದೇ ದಿನ ಬದಲಾಯಿಸ್ಬೇಡಿ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

ಕರಿಹೊಗೆ
ಓಡಿಹೋಗೋ ಡೀಸೆಲ್ ಅನಲಾಗ್ ಮೋಡ್‌ಗೆ ಹೋಗ್ತಿದೆ ಗುರೂ, ಕಣ್ಣು ಮುಚ್ಕೊಂಡು ಹೇಳ್ತೀನಿ. ಹಳೇದು ಮೊಟೊರೋಲಾ ಕಳಿಸುತ್ತೆ ಅಂದ್ಯಲ್ಲ, ಕೆಲವು ಡಿಸಿಸಿ ಡಿಕೋಡರ್‌ಗಳಿಗೆ ಅದು ಅರ್ಥ ಆಗಲ್ಲ, ಮಾಮೂಲಿ ಡಿಸಿ ಕರೆಂಟು ಅಂದ್ಕೊಂಡು ಫುಲ್ ಸ್ಪೀಡ್ ಹೊಡೀತಾವೆ. ಸಿವಿ 29ರಿಂದ 4 ಕಳಿ, ಅನಲಾಗ್ ಬಂದ್ ಆಗುತ್ತೆ. 6 ಇದ್ರೆ 2, ರೈಲ್‌ಕಾಮ್ ಸೇರಿ 14 ಇದ್ರೆ 10.

ಹಳಿತಪ್ಪಿದ_ಹುಡುಗ
ಹೆಡ್‌ಲೈಟ್ ಸರಿ ಹೋಯ್ತು!! ಸಿವಿ 29ರಲ್ಲಿ 4 ಇತ್ತು, 6 ಮಾಡಿದೆ. ಪಾಯಿಂಟ್‌ದೂ ಸರಿ ಹೋಯ್ತು ಅಕ್ಕಾ, ಆ ಸೆಟ್ಟಿಂಗ್ ಮೂರನೇ ಪೇಜಲ್ಲಿ ಎಲ್ಲೋ ಅಡಗಿತ್ತು.

ಡೀಸೆಲ್ ಮಾತ್ರ ಹಂಗೇ ಇದೆ ಕರಿಹೊಗೆ ಅಣ್ಣ. 14 ಇತ್ತು, 10 ಮಾಡಿದೆ, ವಾಪಸ್ ಓದಿ ನೋಡಿದೆ, 10 ಇದೆ. ಆದ್ರೂ ಮೇಲೆ ಹೋದ ತಕ್ಷಣ ಓಡುತ್ತೆ.

ಗೇಟ್‌ಮ್ಯಾನ್
ಮೇಲೆ ಓಡುವಾಗ ಹಳೇದರ ಹ್ಯಾಂಡ್‌ಸೆಟ್‌ನಲ್ಲಿ 12 ಕರೆದು ನಿಲ್ಲಿಸಿ ನೋಡಿದ್ರಾ? ಅನಲಾಗ್ ಆಗಿದ್ರೆ ನಿಮ್ಮ ಹ್ಯಾಂಡ್‌ಸೆಟ್ ಮಾತು ಕೇಳಲ್ಲ. ಕೇಳಿದ್ರೆ ಅದು ಅನಲಾಗ್ ಅಲ್ಲವೇ ಅಲ್ಲ.

ಹಳಿತಪ್ಪಿದ_ಹುಡುಗ
ಅಯ್ಯೋ ದೇವ್ರೇ. ಹಳೇದ್ರಲ್ಲಿ 12 ಕರೆದೆ, ಸ್ಕ್ರೀನ್ ಮೇಲೆ ಸ್ಪೀಡ್ ಮುಕ್ಕಾಲು ಭಾಗ ತೋರಿಸ್ತಿದೆ. ಹೋದ ವಾರ ಅದೇ ಡೀಸೆಲನ್ನ ಮೇಲೆ ಟೆಸ್ಟ್ ಮಾಡಿ, ನಿಲ್ಲಿಸದೇ ಹಂಗೇ ಪ್ಲಗ್ ಕಿತ್ತಿದ್ದೆ. ಅದು ಅವತ್ತಿಂದ ನೆನಪಿಟ್ಕೊಂಡು 12ಕ್ಕೆ ಓಡು ಓಡು ಅಂತ ಹೇಳ್ತಾನೇ ಇದೆ. ಸೊನ್ನೆ ಮಾಡಿದೆ, ಈಗ ಮೇಲೆ ಹೋದ್ರೆ ನಿಧಾನಕ್ಕೆ ನಿಂತುಬಿಡುತ್ತೆ.

ಗೇಟ್‌ಮ್ಯಾನ್
ಅದೇ. ಕಮಾಂಡ್ ಸ್ಟೇಷನ್ ಒಂದ್ಸಲ ಹೇಳಿ ಸುಮ್ನಾಗಲ್ಲ, ತನ್ನ ಪಟ್ಟೀಲಿರೋ ಎಲ್ಲಾ ಇಂಜಿನ್‌ಗೂ ಸುತ್ತು ಹಾಕ್ಕೊಂಡು ಅದೇ ಆಜ್ಞೆ ಮತ್ತೆ ಮತ್ತೆ ಕಳಿಸ್ತಾ ಇರುತ್ತೆ. ಎರಡು ಸ್ಟೇಷನ್ ಇದ್ರೆ ಎರಡಕ್ಕೂ ಅವರವರದೇ ಪಟ್ಟಿ. ನಿಮ್ಮ ಡೀಸೆಲ್ ಪಾಪ ಯಜಮಾನ ಬದಲಾದ ಅಂತ ವಿಧೇಯವಾಗಿ ಓಡಿದೆ ಅಷ್ಟೇ.

ಕರಿಹೊಗೆ
ಕಣ್ಣು ಮುಚ್ಕೊಂಡು ಹೇಳಿದ್ದೇ ತಪ್ಪಾಯ್ತು 😅 ಆದ್ರೂ ಅನಲಾಗ್ ಆಫ್ ಇರ್ಲಿ, ವಾಪಸ್ ಹಾಕ್ಬೇಡ.

ಬೆಸುಗೆ_ಮಾಸ್ಟರ್
ಈಗ ಟ್ರಿಪ್ಪಿಗೆ ಬರೋಣ, ನಿಜವಾದ ವಿಷಯ ಅದೇ. ಬಾಕಿ ಮೂರೂ ಸೆಟ್ಟಿಂಗ್ ತಪ್ಪು, ಇದು ಮೂಲದಲ್ಲೇ ತಪ್ಪು.

ಡಿಸಿಸಿಯಲ್ಲಿ ಹಳಿಗೆ ಹೋಗೋ ಕರೆಂಟು ಸದಾ ದಿಕ್ಕು ಬದಲಾಯಿಸ್ತಾ ಇರುತ್ತೆ. 1 ಅನ್ನೋ ಬಿಟ್ ಅಂದ್ರೆ 58 ಮೈಕ್ರೋಸೆಕೆಂಡ್ ಒಂದು ಕಡೆ, ಇನ್ನೊಂದು 58 ಆ ಕಡೆ. 0 ಆದ್ರೆ ಒಂದೊಂದು ಅರ್ಧವೂ ಸಾಮಾನ್ಯವಾಗಿ 100 ಮೈಕ್ರೋಸೆಕೆಂಡ್. ಈ ಬದಲಾವಣೆಯೇ ಮಾತು, ಅದೇ ಪವರ್ರೂ. ಈಗ ನಿಮ್ಮ ಎರಡು ಸ್ಟೇಷನ್ ಬೇರೆ ಬೇರೆ ಪಟ್ಟಿ ಇಟ್ಕೊಂಡು ಬೇರೆ ಬೇರೆ ಬಿಟ್ ಕಳಿಸ್ತಿವೆ, ಅದ್ರ ಮೇಲೆ ಒಂದು ಮಧ್ಯೆ ಮಧ್ಯೆ ಮೊಟೊರೋಲಾನೂ ತುರುಕ್ತಿದೆ. ಇಂಜಿನ್ನಿನ ಮುಂದಿನ ಚಕ್ರ ಹಳೇದ್ರ ಹಳಿ ಮೇಲೆ, ಹಿಂದಿನ ಚಕ್ರ ಹೊಸದ್ರ ಹಳಿ ಮೇಲೆ ಇದ್ದಾಗ ಒಳಗಿರೋ ಪಿಕಪ್ ತಂತಿ (ಚಕ್ರದಿಂದ ಕರೆಂಟ್ ತಗೊಳ್ಳೋದು) ಎರಡನ್ನೂ ಸೇರಿಸಿಬಿಡುತ್ತೆ. ಆಗ ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೆಯಿತು ಅನ್ನೋ ಕಥೆ. ಒಂದು ಹಳಿಯನ್ನ ಒಂದು ಸ್ಟೇಷನ್ ಪ್ಲಸ್ ಮಾಡ್ತಿರೋ ಹೊತ್ತಲ್ಲಿ ಇನ್ನೊಂದು ಮೈನಸ್ ಮಾಡ್ತಿರುತ್ತೆ, ನೇರ ಶಾರ್ಟು.

ಒಂದೊಂದ್ಸಲ ಯಾಕೆ ದಾಟುತ್ತೆ ಅಂದ್ರೆ ಅದು ಇಂಜಿನ್ ಉದ್ದ ಮತ್ತೆ ಸ್ಪೀಡಿನ ಮೇಲಿದೆ. ಚಿಕ್ಕ ಇಂಜಿನ್ ಜೋರಾಗಿ ಹೋದ್ರೆ ಬ್ರೇಕರ್‌ಗೆ ಗೊತ್ತಾಗೋ ಮುಂಚೆ ದಾಟಿಬಿಡುತ್ತೆ. ಒಳಗೆ ಲೈಟ್ ಇರೋ ಬೋಗಿ ಇದ್ದು ಅದು ಹಿಂದೆ ಮುಂದೆ ಎರಡೂ ಕಡೆ ಚಕ್ರದಿಂದ ಕರೆಂಟ್ ತಗೊಳ್ತಿದ್ರೆ ಪ್ರತಿ ಬೋಗಿನೂ ಸೇತುವೆ ಕಟ್ಟುತ್ತೆ. ಟ್ರಿಪ್ ಆಗಿಲ್ಲ ಅಂದ್ರೆ ಒಳ್ಳೇದು ಅಂತ ತಿಳ್ಕೋಬೇಡಿ, ಅಷ್ಟು ಹೊತ್ತು ಎರಡೂ ಬಾಕ್ಸಿನ ಆಂಪಿಯರ್ ಆ ಕೂದಲಿನಂಥ ಪಿಕಪ್ ತಂತೀಲೇ ಹರಿದಿರುತ್ತೆ. ಒಂದಿನ ಸುಟ್ಟ ವಾಸನೆ ಬರುತ್ತೆ.

ಹಳಿತಪ್ಪಿದ_ಹುಡುಗ
ಎರಡೂ ಡಿಸಿಸಿ ಅಲ್ವಾ ಮಾಸ್ಟ್ರೇ, ಸ್ಟ್ಯಾಂಡರ್ಡ್ ಒಂದೇ ಅಂತಾರಲ್ಲ, ಫೇಸ್ ಹೊಂದಿಸಿದ್ರೆ ಅಂದ್ರೆ ಒಂದ್ರ ಎರಡು ತಂತಿ ಅದಲು ಬದಲು ಮಾಡಿದ್ರೆ ಆಗಲ್ವಾ?

ಬೆಸುಗೆ_ಮಾಸ್ಟರ್
ಆಗಲ್ಲ. ತಂತಿ ಅದಲು ಬದಲು ಮಾಡೋದು ಒಂದೇ ಸ್ಟೇಷನ್ನಿಂದ ಸಿಗ್ನಲ್ ತಗೊಳ್ಳೋ ಎರಡು ಬೂಸ್ಟರ್‌ಗೆ (ಅದೇ ಸಿಗ್ನಲ್ಲಿಗೆ ಪವರ್ ಸೇರಿಸಿ ಹಳಿಗೆ ಕಳಿಸೋ ಬಾಕ್ಸು). ಅಲ್ಲಿ ಬಿಟ್‌ಗಳು ಒಂದೇ, ದಿಕ್ಕು ಮಾತ್ರ ಉಲ್ಟಾ ಇರಬಹುದು. ನಿಮ್ಮಲ್ಲಿ ಬಿಟ್‌ಗಳೇ ಬೇರೆ. ಒಂದೇ ಒರೆಯಲ್ಲಿ ಎರಡು ಕತ್ತಿ. ರೈಲು ಎಲ್ಲೆಲ್ಲಿ ಓಡುತ್ತೋ ಅಲ್ಲೆಲ್ಲಾ ಸಿಗ್ನಲ್ ಹುಟ್ಟೋದು ಒಂದೇ ಕಡೆಯಿಂದ ಆಗ್ಬೇಕು.

ಎನ್_ಗೇಜ್_ಅಕ್ಕ
ಸ್ಟ್ಯಾಂಡರ್ಡ್ ಬಗ್ಗೆ ಒಂದು ಸೇರಿಸ್ತೀನಿ, ಹೊಸಬರೆಲ್ಲಾ ಇಲ್ಲೇ ಮೋಸ ಹೋಗೋದು. ಡಿಸಿಸಿ ಅನ್ನೋದು ಲೆನ್ಝ್ ಕಂಪನಿಯ ಪದ್ಧತಿಯಿಂದ ತಗೊಂಡು ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) 1990ರ ದಶಕದಲ್ಲಿ ಸ್ಟ್ಯಾಂಡರ್ಡ್ ಮಾಡಿದ್ದು. ಆದ್ರೆ ಅದು ಹೇಳೋದು ಹಳಿ ಮೇಲಿನ ಸಿಗ್ನಲ್ ಬಗ್ಗೆ, ಬಾಕ್ಸಿಗೂ ಹ್ಯಾಂಡ್‌ಸೆಟ್ಟಿಗೂ ಮಧ್ಯದ ಕೇಬಲ್ ಬಗ್ಗೆ ಅಲ್ಲ. ಲೋಕೋನೆಟ್ ಡಿಜಿಟ್ರ್ಯಾಕ್ಸ್‌ದು, ಎಕ್ಸ್‌ಪ್ರೆಸ್‌ನೆಟ್ ಲೆನ್ಝ್‌ದು, ಎರಡಕ್ಕೂ ಅದೇ ಆರು ಪಿನ್ನಿನ ಟೆಲಿಫೋನ್ ಥರದ ಪ್ಲಗ್ಗು, ಸಲೀಸಾಗಿ ಒಳಗೆ ಹೋಗುತ್ತೆ, ಪಿನ್ ಅರ್ಥಗಳು ಮಾತ್ರ ಪೂರ್ತಿ ಬೇರೆ. ಪ್ಲಗ್ ಕೂತ್ಕೊಳ್ತು ಅಂತ ಚುಚ್ಚಿ ಹ್ಯಾಂಡ್‌ಸೆಟ್ ಕಳ್ಕೊಂಡವರಿದ್ದಾರೆ. ನಾನು ಎರಡು ಬಣ್ಣದ ಟೇಪ್ ಸುತ್ತಿಟ್ಟಿದೀನಿ.

ಬಫರ್‌ಸ್ಟಾಪ್
ಅದಕ್ಕೂ ಮುಂಚೆ ಒಂದು ಚೆಕ್ ಮಾಡು. ಎರಡೂ ಬಾಕ್ಸಿನ ಟ್ರ್ಯಾಕ್ ತಂತಿ ಬಿಚ್ಚು, ಇಂಜಿನ್ನು ಬೋಗಿ ಎಲ್ಲಾ ಎತ್ತಿಡು, ಮೀಟರನ್ನ ಓಮ್ಸಿಗೆ ಹಾಕಿ ಮೇಲಿನ ಎಡ ಹಳಿಗೂ ಕೆಳಗಿನ ಎಡ ಹಳಿಗೂ ಹಿಡಿ, ಆಮೇಲೆ ಬಲ ಬಲ. ಬೀಪ್ ಬಂದ್ರೆ ನಿನ್ನ ಗ್ಯಾಪ್ ಗ್ಯಾಪೇ ಅಲ್ಲ.

ಹಳಿತಪ್ಪಿದ_ಹುಡುಗ
ಬಲ ಹಳಿ ಬೀಪ್ ಬಂತು!! ಟೇಬಲ್ ಕೆಳಗೆ ಎರಡು ಗಂಟೆ ಮಲಗಿದ್ದೆ, ಕುತ್ತಿಗೆ ಹಿಡ್ಕೊಂಡಿದೆ. ಫೀಡರ್ (ಹಳಿಗೆ ಕರೆಂಟ್ ಕೊಡೋ ತಂತಿ) ಎಲ್ಲಾ ಸರಿ ಇದೆ. ಕೊನೆಗೆ ಸಿಕ್ಕಿದ್ದು ಎಸ್88 ಫೀಡ್‌ಬ್ಯಾಕ್ ಮಾಡ್ಯೂಲ್, ರೈಲು ಎಲ್ಲಿದೆ ಅಂತ ಬಾಕ್ಸಿಗೆ ಹೇಳೋದು. ಮೇಲೆ ಎರಡು ಕೆಳಗೆ ಒಂದು ಇದೆ, ಮೂರೂ ಒಂದೇ ಸಾಲಲ್ಲಿ ಹಳೇದಕ್ಕೆ ಸೇರ್ಕೊಂಡಿವೆ, ಅವುಗಳ ಗ್ರೌಂಡು ಬಲ ಹಳಿಗೆ. ಅಲ್ಲಿಂದ ಎರಡು ಅಂತಸ್ತೂ ಒಂದಾಗಿದೆ.

ಬೆಸುಗೆ_ಮಾಸ್ಟರ್
ಕ್ಲಾಸಿಕ್. ಎಸ್88 ಮೂರು ಹಳಿ ಪದ್ಧತಿಗೆ ಅಂತ ಮಾರ್ಕ್ಲಿನ್ ತಂದಿದ್ದು, ಅಲ್ಲಿ ಗ್ರೌಂಡ್ ಎಲ್ಲಾ ಕಡೆ ಒಂದೇ ಆದ್ರೂ ನಡೆಯುತ್ತೆ. ಎರಡು ಹಳೀಲಿ ಆಪ್ಟೋ ಐಸೊಲೇಷನ್ (ತಂತಿ ಸೇರಿಸದೆ ಬೆಳಕಿಂದ ಸಿಗ್ನಲ್ ದಾಟಿಸೋದು) ಇರೋ ಮಾಡ್ಯೂಲ್ ಹಾಕಿ. ಕೆಳಗಿನದನ್ನ ಈಗ ಬಿಚ್ಚಿಡಿ.

ಹಳಿತಪ್ಪಿದ_ಹುಡುಗ
ಬಿಚ್ಚಿದೆ. ಟ್ರಿಪ್ ಕಡಿಮೆ ಆಯ್ತು, ನಿಂತಿಲ್ಲ. ನೀವು ಹೇಳಿದ ಹಾಗೆ ಹಳೇದನ್ನ ರೈಲು ಓಡಿಸೋ ಕೆಲಸದಿಂದ ತೆಗೆದುಬಿಡ್ತೀನಿ. ನನ್ನ ಹತ್ರ ಒಂದು ಹಳೇ ಡಿಸಿಸಿ ಬೂಸ್ಟರ್ ಇದೆ, ಅದಕ್ಕೆ ಹೊಸದರಿಂದ ಸಿಗ್ನಲ್ ಕೊಟ್ಟು ಮೇಲಿನ ಅಂತಸ್ತು ಓಡಿಸಿದ್ರೆ?

ಬೆಸುಗೆ_ಮಾಸ್ಟರ್
ಸರಿಯಾದ ದಾರಿ. ಹಳೇದಕ್ಕೆ ಪಾಯಿಂಟು ಸಿಗ್ನಲ್ಲು ಮಾತ್ರ ಕೊಡಿ, ಅದೂ ಹಳಿಯಿಂದ ಅಲ್ಲ, ಬೇರೆ ಎರಡು ತಂತಿಯ ಲೈನ್ ಎಳೆದು. ಅದ್ರಲ್ಲಿ ಒಂದು ಲಾಭ ಇದೆ. ತಪ್ಪು ಪಾಯಿಂಟಿಗೆ ಇಂಜಿನ್ ನುಗ್ಗಿ ಶಾರ್ಟ್ ಆದಾಗ, ಪಾಯಿಂಟ್ ಡಿಕೋಡರ್ ಅದೇ ಹಳಿಯಿಂದ ಕರೆಂಟ್ ತಗೊಳ್ತಿದ್ರೆ ಪಾಯಿಂಟ್ ತಿರುಗಿಸೋಕೂ ಆಗಲ್ಲ, ಶಾರ್ಟ್ ಬಿಡಿಸೋಕೂ ಆಗಲ್ಲ, ಕೈ ಹಾಕಿ ಇಂಜಿನ್ ತಳ್ಬೇಕು. ಬೇರೆ ಲೈನ್ ಇದ್ರೆ ಹಳಿ ಸತ್ತಿದ್ರೂ ಪಾಯಿಂಟ್ ತಿರುಗುತ್ತೆ.

ಬೂಸ್ಟರಿನ ಗ್ರೌಂಡ್ ಸ್ಕ್ರೂ ಇದ್ರೆ ಅದನ್ನ ಹೊಸದರ ಗ್ರೌಂಡಿಗೆ ಸೇರಿಸಿ.

ಹಳಿತಪ್ಪಿದ_ಹುಡುಗ
ಈಗ ತಾನೇ ಗ್ರೌಂಡ್ ಸೇರಬಾರದು ಅಂತ ಎಸ್88 ಬಿಚ್ಚಿಸಿದ್ರಿ, ಈಗ ಸೇರಿಸಿ ಅಂತೀರ 🤯

ಬೆಸುಗೆ_ಮಾಸ್ಟರ್
ಹಹ್ಹಾ ನ್ಯಾಯವಾದ ಪ್ರಶ್ನೆ. ಸೇರಬಾರದ್ದು ಹಳಿ. ಸೇರಬೇಕಾದ್ದು ಬೂಸ್ಟರ್‌ಗಳ ಒಳಗಿನ ಪವರ್ ಗ್ರೌಂಡು, ಬಾಕ್ಸಿನ ಸ್ಕ್ರೂಯಿಂದ ಬಾಕ್ಸಿನ ಸ್ಕ್ರೂಗೆ, ಹಳಿ ಕಡೆ ಸುಳೀಬಾರದು. ಇಂಜಿನ್ ಗ್ಯಾಪ್ ಮೇಲಿದ್ದಾಗ ಒಂದು ಬೂಸ್ಟರಿಂದ ಹೊರಟ ಕರೆಂಟ್ ವಾಪಸ್ ಹೋಗೋಕೆ ನೆಟ್ಟಗಿನ ದಾರಿ ಬೇಕಲ್ಲ, ಅದಕ್ಕೆ. ಬೂಸ್ಟರ್ ಆಪ್ಟೋ ಐಸೊಲೇಟೆಡ್ ಆಗಿದ್ರೆ ಅದರ ಮ್ಯಾನ್ಯುಯಲ್ ಏನು ಹೇಳುತ್ತೋ ಅದು.

ಆಮೇಲೆ ಫೇಸ್ ನೋಡೋದು: ಮೀಟರನ್ನ ಎಸಿಗೆ ಹಾಕಿ ಗ್ಯಾಪಿನ ಈಚೆ ಎಡ ಹಳಿಗೆ ಒಂದು ಕಡ್ಡಿ, ಆಚೆ ಎಡ ಹಳಿಗೆ ಒಂದು ಕಡ್ಡಿ. ಸೊನ್ನೆ ಹತ್ರ ಬಂದ್ರೆ ಸರಿ, ಹಳಿ ವೋಲ್ಟೇಜ್‌ನಷ್ಟೇ ಬಂದ್ರೆ ಉಲ್ಟಾ, ಆಗ ಬೂಸ್ಟರಿನ ಔಟ್‌ಪುಟ್ ತಂತಿ ಅದಲು ಬದಲು ಮಾಡಿ. ಮಾಮೂಲಿ ಮೀಟರ್ ಡಿಸಿಸಿಯನ್ನ ಸರಿಯಾಗಿ ಅಳೆಯಲ್ಲ, ಅದು ಮನೆ ಕರೆಂಟಿನ ನಿಧಾನದ ಎಸಿಗೆ ಮಾಡಿರೋದು, ಆದ್ರೆ ಸೊನ್ನೆಯೋ ಹದಿನೈದೋ ಅಂತ ಹೇಳೋಕೆ ಧಾರಾಳ ಸಾಕು.

ಹಳಿತಪ್ಪಿದ_ಹುಡುಗ
ಮಾಡಿದೆ. ಮೊದಲು 15 ಬಂತು, ತಂತಿ ಬದಲಾಯಿಸಿದ್ಮೇಲೆ 1 ಚಿಲ್ಲರೆ. ರೈಲು ದಾಟ್ತಿದೆ! ಒಂದೇ ಬಾಕಿ, ಉದ್ದದ ಇಂಜಿನ್ ಸರಿಯಾಗಿ ಗ್ಯಾಪ್ ಮೇಲೆ ನಿಧಾನಕ್ಕೆ ಹೋದ್ರೆ ಗುಂಯ್ ಅಂತ ಸಣ್ಣ ಸದ್ದು, ಹತ್ತು ಸಲದಲ್ಲಿ ಎರಡು ಸಲ ಟ್ರಿಪ್.

ಕರಿಹೊಗೆ
ರೈಲ್‌ಕಾಮ್! ಈ ಸಲ ಕಣ್ಣು ಬಿಟ್ಕೊಂಡೇ ಹೇಳ್ತಿದೀನಿ. ಆ ಇಂಜಿನ್ ಸಿವಿ 29ರಲ್ಲಿ 8 ಕಳಿ.

ಗೇಟ್‌ಮ್ಯಾನ್
ಅರ್ಧ ಸರಿ. ರೈಲ್‌ಕಾಮೇ ಕಾರಣ, ಆದ್ರೆ ಸಿವಿ 29 ಬದಲಾಯಿಸಿದ್ರೆ ಇಂಜಿನ್ ಮಾತಾಡೋದು ನಿಲ್ಲುತ್ತೆ ಅಷ್ಟೇ, ತೊಂದರೆ ನಿಲ್ಲಲ್ಲ. ರೈಲ್‌ಕಾಮ್‌ನಲ್ಲಿ ಪ್ರತಿ ಪ್ಯಾಕೆಟ್ ಮುಗಿದ ಮೇಲೆ ಬಾಕ್ಸು ಒಂದು ಕ್ಷಣ ಪವರ್ ತೆಗೆದು ಎರಡೂ ಹಳಿಯನ್ನ ತಾನೇ ಶಾರ್ಟ್ ಮಾಡಿ ಹಿಡಿಯುತ್ತೆ, ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಆ ಮೌನದಲ್ಲಿ ಡಿಕೋಡರ್ ಉತ್ತರ ಹೇಳೋದು. ಇದಕ್ಕೆ ಕಟೌಟ್ ಅಂತಾರೆ. ನಿಮ್ಮ ಹಳೇ ಬೂಸ್ಟರಿಗೆ ಕಟೌಟ್ ಮಾಡೋಕೆ ಬರಲ್ಲ, ಹೊಸದು ಹಳಿ ಶಾರ್ಟ್ ಮಾಡಿರೋ ಹೊತ್ತಲ್ಲೂ ಅದು ಪವರ್ ಕೊಡ್ತಾನೇ ಇರುತ್ತೆ. ಇಂಜಿನ್ ಗ್ಯಾಪ್ ಮೇಲಿದ್ರೆ ಪ್ರತಿ ಪ್ಯಾಕೆಟ್‌ಗೂ ಒಂದು ಪುಟಾಣಿ ಶಾರ್ಟು. ನಿಮ್ಮ 1 ಚಿಲ್ಲರೆ ವೋಲ್ಟೂ ಅದೇ, ಗುಂಯ್ ಅನ್ನೋದೂ ಅದೇ. ಸ್ಟೇಷನ್ ಸೆಟ್ಟಿಂಗ್‌ನಲ್ಲೇ ರೈಲ್‌ಕಾಮ್ ಆಫ್ ಮಾಡಿ.

ಹಳಿತಪ್ಪಿದ_ಹುಡುಗ
ಆಫ್ ಮಾಡಿದೆ. ಗುಂಯ್ ಹೋಯ್ತು, ಮೀಟರ್ ಸೊನ್ನೆ ತೋರಿಸ್ತಿದೆ. ಇವತ್ತು ಬೇಕಂತಲೇ ಇಂಜಿನ್ನನ್ನ ಗ್ಯಾಪ್ ಮೇಲೆ ಹತ್ತು ನಿಮಿಷ ನಿಲ್ಲಿಸಿದ್ದೆ, ಏನೂ ಆಗಿಲ್ಲ, ಬಿಸಿನೂ ಆಗಿಲ್ಲ. ಹಳೇದನ್ನೂ ಹೊಸದನ್ನೂ ಕಂಪ್ಯೂಟರಿಗೆ ಸೇರಿಸಿ ಜೆಎಂಆರ್‌ಐ ಅನ್ನೋ ಮಾಡೆಲ್ ರೈಲಿನ ಸಾಫ್ಟ್‌ವೇರ್‌ನಲ್ಲಿ ಎರಡು ಕನೆಕ್ಷನ್ ಮಾಡಿದೀನಿ, ಇಂಜಿನ್ ಮಾತು ಹೊಸದಕ್ಕೆ, ಪಾಯಿಂಟ್ ಮಾತು ಹಳೇದಕ್ಕೆ ಹೋಗುತ್ತೆ.

ನಷ್ಟ ಅಂದ್ರೆ ಮೊಟೊರೋಲಾ ಮಾತ್ರ ಅರ್ಥ ಆಗೋ ಎರಡು ಇಂಜಿನ್ ಈಗ ಓಡಲ್ಲ. ಒಂದಕ್ಕೆ ಡಿಕೋಡರ್ ಬದಲಾಯಿಸ್ತೀನಿ, ಇನ್ನೊಂದು ನನ್ನ ಮೊದಲನೇ ಇಂಜಿನ್ನು, ಬಿಚ್ಚೋಕೆ ಮನಸ್ಸಿಲ್ಲ, ಶೆಡ್ಡಲ್ಲಿ ನಿಲ್ಲಿಸಿದೀನಿ. ಇನ್ನೊಂದು, ಮುಂಚೆ ಓಡ್ತಿರೋ ಇಂಜಿನ್ನಿನ ಸಿವಿಯನ್ನ ಮೇನ್ ಲೈನಲ್ಲೇ ಓದ್ತಿದ್ದೆ, ಈಗ ಏನೂ ಓದೋಕಾಗ್ತಿಲ್ಲ.

ಗೇಟ್‌ಮ್ಯಾನ್
ಅದು ಬರೋದೇ ರೈಲ್‌ಕಾಮಿಂದ, ಹಂಗಾಗಿ ಹೋಗುತ್ತೆ. ಮೇನ್ ಮೇಲೆ ಬರೀಬಹುದು, ಓದೋಕಾಗಲ್ಲ. ಕಟೌಟ್ ಮಾಡೋ ಬೂಸ್ಟರ್ ಹಾಕಿದ ದಿನ ಮತ್ತೆ ಆನ್ ಮಾಡ್ಕೊಳ್ಳಿ.

ಹಳಿತಪ್ಪಿದ_ಹುಡುಗ
ಅಲ್ಲಿವರೆಗೂ ಪ್ರೋಗ್ರಾಮಿಂಗ್ ಟ್ರ್ಯಾಕಲ್ಲೇ (ಸಿವಿ ಓದಿ ಬರೆಯೋಕೆ ಬೇರೆ ಮಾಡಿದ ಹಳಿ) ಮಾಡ್ತೀನಿ. ಶೆಡ್ಡಿನ ಮೂರನೇ ಲೈನನ್ನೇ ಸ್ವಿಚ್ ಹಾಕಿ ಪ್ರೋಗ್ರಾಮಿಂಗ್‌ಗೆ ಬಳಸ್ತಿದೀನಿ.

ಬಫರ್‌ಸ್ಟಾಪ್
ಶೆಡ್ ಲೈನಾ? ತಮ್ಮಾ, ಬರೆಯೋ ಮುಂಚೆ ಆ ಲೈನಲ್ಲಿ ಒಂದೇ ಇಂಜಿನ್ ಇದ್ಯಾ ಅಂತ ಬಗ್ಗಿ ನೋಡು. ಪ್ರೋಗ್ರಾಮಿಂಗ್ ಟ್ರ್ಯಾಕಲ್ಲಿ ಅಡ್ರೆಸ್ ನೋಡಲ್ಲ, ಮೇಲಿರೋ ಎಲ್ಲಾ ಡಿಕೋಡರ್‌ಗೂ ಬರೆಯುತ್ತೆ. ನಾನು ಒಂದ್ಸಲ ಸ್ವಿಚ್ ಮರೆತು ಒಂದು ಇಂಜಿನ್ನಿಗೆ ಅಡ್ರೆಸ್ 3 ಕೊಟ್ಟೆ, ಶೆಡ್ಡಲ್ಲಿದ್ದ ಏಳೂ 3 ಆದ್ವು. ಥ್ರಾಟಲ್ ತಿರುಗಿಸಿದಾಗ ಏಳೂ ಒಟ್ಟಿಗೆ ಹೊರಗೆ ಬಂದ್ವು, ಆ ದೃಶ್ಯ ಇನ್ನೂ ಕಣ್ಣಲ್ಲಿದೆ.

ಹಳಿತಪ್ಪಿದ_ಹುಡುಗ
...ಎದ್ದು ಹೋಗಿ ನೋಡ್ಕೊಂಡು ಬಂದೆ. ಎರಡಿತ್ತು.